ಅತ್ತೆಯ ಕೈಗೆ ಬಂದ ರಿಮೋಟು

ಹೋದ ವರ್ಷ ಆಷಾಢದಲ್ಲಿ ನಮ್ಮತ್ತೆ ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತೇಳರ ಜೀವ. ಮೈಸೂರಿನಲ್ಲಿ ಆಪರೇಷನ್ ಆಯಿತು. ಒಂದೂವರೆ ತಿಂಗಳು ನಮ್ಮ ಮನೆಯಲ್ಲೇ ಇದ್ದರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಲು ಬಂದದ್ದೇ ತಡ, 'ನನ್ನ ಹೊನ್ನೂರಿಗೆ ಕಳಿಸ್ಬುಡಿ' ಎಂದು ಹಟ ಹಿಡಿದರು. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿರುವುದು ನಮ್ಮ ಮಾವ ಕಟ್ಟಿಸಿದ ಮನೆ. ಈಗ ಅಲ್ಲಿ ಮೈದುನನ ಸಂಸಾರವಿದೆ. ಬಿಳಿಗಿರಿರಂಗನ ಬೆಟ್ಟ ಕಾಣಿಸದ ಕಿಟಕಿಯ ಪಕ್ಕ ಮಲಗಿದರೆ ಅತ್ತೆಗೆ ನಿದ್ದೆಯೇ ಬರುವುದಿಲ್ಲವಂತೆ. ಸರಿ, ಕರೆದುಕೊಂಡು ಹೋಗಿ ಪಡಸಾಲೆಯಲ್ಲೇ ಮಂಚ ಹಾಕಿ ಕೊಟ್ಟೆವು.

ಮಂಚದಿಂದ ಹದಿನೈದು ಅಡಿ ದೂರದಲ್ಲಿ, ಗೋಡೆಯ ಪಕ್ಕದ ಮರದ ಬೀರುವಿನ ಮೇಲೆ ಮಾವನ ಮ್ಯೂಸಿಕ್ ಸಿಸ್ಟಮ್ ಇದೆ. ಆಂಪ್ಲಿಫೈಯರ್, ಅದರ ಮೇಲೆ ರೇಡಿಯೋ, ಅದರ ಮೇಲೆ ಎರಡು ಕ್ಯಾಸೆಟ್ ಹಾಕುವ ಡೆಕ್, ತುದಿಯಲ್ಲಿ ಸಿ.ಡಿ. ಹಾಕುವ ಪೆಟ್ಟಿಗೆ, ಅಕ್ಕಪಕ್ಕ ಎರಡು ಸ್ಪೀಕರು. ಒಂದರ ಮೇಲೊಂದು ಪೇರಿಸಿಟ್ಟ ಅಡಿಗೆಮನೆಯ ಡಬ್ಬಗಳ ಹಾಗೆ ಇದೆ. ಅತ್ತೆ ಊಟಕ್ಕೆ ಇದು ಬೇಕು ಅದು ಬೇಕು ಎಂದು ಕೇಳಿದವರಲ್ಲ. ಆದರೆ ಮಧ್ಯಾಹ್ನದ ಹೊತ್ತು, ಮನೆಯವರೆಲ್ಲ ಹೊಲ, ಶಾಲೆ, ಆಫೀಸು ಎಂದು ಹೋದಮೇಲೆ, ಮಾದಪ್ಪನ ಪದದ ಕ್ಯಾಸೆಟ್ ಕೇಳಬೇಕೆಂಬ ಆಸೆ. ಅದನ್ನು ಹಾಕಿಕೊಡುವವರು ಯಾರು? ಎದ್ದು ಹೋಗುವ ಹಾಗಿಲ್ಲ. ಓರಗಿತ್ತಿ ಹಾಕಿಟ್ಟು ಹೋದರೆ ಅರ್ಧ ಗಂಟೆಗೆ ಒಂದು ಮಗ್ಗುಲು ಮುಗಿದು ನಿಲ್ಲುತ್ತದೆ. ಅತ್ತೆ ಅದನ್ನೇ ನೋಡುತ್ತಾ ಮಲಗಿರುತ್ತಾರೆ.

'ಅದಕ್ಕೇನು, ಒಂದು ರಿಮೋಟು ತಂದರಾಯಿತು' ಎಂದೆ ನಾನು. ಎಷ್ಟು ಸುಲಭದ ಮಾತು! ಆ ಒಂದು ರಿಮೋಟು ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ, ನಮ್ಮ ಮನೆಯ ಸಂಗೀತದ ಗುಂಡಿಯನ್ನು ಈವರೆಗೆ ಯಾರು ಯಾರು ತಿರುಗಿಸಿದ್ದಾರೆ ಎಂಬ ಚರಿತ್ರೆಯೂ ನನಗೆ ತಿಳಿಯಿತು. ನಾಡಿನ ಚರಿತ್ರೆಯಲ್ಲಿ ರೇಡಿಯೋ ಯಾವಾಗ ಬಂತು ಎಂದು ಬರೆದಿರುತ್ತಾರೆ. ಅದರ ಗುಂಡಿಯನ್ನು ಹೆಂಗಸರು ಯಾವಾಗ ಮುಟ್ಟಿದರು ಎಂದು ಯಾರೂ ಬರೆದಿಟ್ಟಿಲ್ಲ. ಅದಕ್ಕೆ ಮನೆಯ ಹಿರಿಯರನ್ನೇ ಕೇಳಬೇಕು.

ನಮ್ಮತ್ತೆಯ ತವರು ಕೊಳ್ಳೇಗಾಲದ ಹತ್ತಿರದ ಒಂದು ಹಳ್ಳಿ. ಮದುವೆಯಾದದ್ದು 1955ರಲ್ಲಿ. ಆಗ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರು ರಾಜ್ಯದಲ್ಲಿತ್ತು. ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ಹತ್ತಿರದ ಊರುಗಳು, ಆದರೆ ರಾಜ್ಯ ಬೇರೆ. 'ನಾನು ಮದರಾಸಿಂದ ಮೈಸೂರಿಗೆ ಬಂದ ಸೊಸೆ ಕನ' ಎಂದು ಅತ್ತೆ ಈಗಲೂ ನಗುತ್ತಾರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಬಂತು. ತವರೂ ಗಂಡನ ಮನೆಯೂ ಒಂದೇ ಸರ್ಕಾರದ ಕೆಳಗಾದವು.

ಈ ಎರಡು ರಾಜ್ಯಗಳ ರೇಡಿಯೋ ಕಥೆಯೂ ಬೇರೆ ಬೇರೆಯೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ 'ವಿಠ್ಠಲ ವಿಹಾರ' ಎಂಬ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಶುರುಮಾಡಿದರು. ಮೊದಲಿಗೆ ಬರೀ 30 ವ್ಯಾಟ್ ಶಕ್ತಿಯ ಪುಟ್ಟ ಯಂತ್ರ. ನಮ್ಮ ಬಚ್ಚಲಮನೆಯ ಬಲ್ಬು 40 ವ್ಯಾಟಿನದಿರುತ್ತಿತ್ತು ಎಂದು ನೆನೆದರೆ ಆಶ್ಚರ್ಯವಾಗುತ್ತದೆ. ಆ ಕೇಂದ್ರಕ್ಕೆ ಇದ್ದ ಹೆಸರೇ 'ಆಕಾಶವಾಣಿ'. ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಮದರಾಸಿನಲ್ಲಿ ಸರ್ಕಾರದ ರೇಡಿಯೋ ಕೇಂದ್ರ 1938ರಲ್ಲೂ ತಿರುಚಿನಾಪಳ್ಳಿಯಲ್ಲಿ 1939ರಲ್ಲೂ ಶುರುವಾದವು. ಮೈಸೂರಿನ ಕೇಂದ್ರವನ್ನು 1940ರ ದಶಕದ ಆರಂಭದಲ್ಲಿ ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಅತ್ತೆ ಮದುವೆಯಾಗಿ ಬಂದ 1955ರಲ್ಲೇ ಕೇಂದ್ರ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನ ಕೇಂದ್ರ ಬಂದದ್ದು 1974ರಲ್ಲಿ.

ಒಬ್ಬ ಮೇಷ್ಟರ ಮನೆಯೊಳಗೆ ಹುಟ್ಟಿದ ರೇಡಿಯೋ, ನಮ್ಮ ಮನೆಗಳೊಳಗೆ ಮಾತ್ರ ಬಹಳ ತಡವಾಗಿ ಬಂತು. ಕಾರಣ ಕರೆಂಟು. ಇದೊಂದು ವಿಚಿತ್ರ ನೋಡಿ. ನಮ್ಮ ಸೀಮೆಯ ಪಕ್ಕದಲ್ಲೇ ಶಿವನಸಮುದ್ರವಿದೆ. ಅಲ್ಲಿ ಕಾವೇರಿಯ ನೀರಿನಿಂದ 1902ರಲ್ಲೇ ವಿದ್ಯುತ್ ತೆಗೆದು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಜಲಪಾತದ ಈಚೆ ದಡದ ಹಳ್ಳಿಗಳ ಹೆಂಗಸರು ಅದಾಗಿ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯ ಗಾಜು ಒರೆಸುತ್ತಲೇ ಇದ್ದರು. ಎಲ್ಲೋ ಕೂತು ಗುಂಡಿ ಒತ್ತಿದರೆ ಮತ್ತೆಲ್ಲೋ ಕೆಲಸ ನಡೆಯುವುದಕ್ಕೆ ರಿಮೋಟ್ ಎನ್ನುವುದಾದರೆ, ನಮ್ಮ ಕಾವೇರಿಯನ್ನು ಅಂದೇ ರಿಮೋಟಿನಲ್ಲಿ ನಡೆಸಿದ್ದರು ಎನ್ನಬಹುದು. ಗುಂಡಿ ಮಾತ್ರ ನಮ್ಮ ಕೈಯಲ್ಲಿರಲಿಲ್ಲ.

ಹೊನ್ನೂರಿನ ನಮ್ಮ ಮನೆಗೆ ಕರೆಂಟು ಬಂದು ಎರಡು ವರ್ಷಕ್ಕೆ, 1964ರಲ್ಲಿ, ಮಾವ ಒಂದು ವಾಲ್ವ್ ರೇಡಿಯೋ ತಂದರು. ಮಾವ ಸ್ಕೂಲು ಮೇಷ್ಟ್ರು. ಮೂರು ತಿಂಗಳ ಸಂಬಳ ಕೂಡಿಸಿ ಕೊಂಡದ್ದಂತೆ. ಸೂರಿನ ಮೇಲೆ ಏರಿಯಲ್ಲಿನ ತಂತಿ ಕಟ್ಟಿದರು. ಮಗುವಿನ ತೊಟ್ಟಿಲಿಗೆ ಹಾಕುವಂಥ ಕಸೂತಿಯ ಬಟ್ಟೆಯನ್ನು ರೇಡಿಯೋಗೆ ಹೊದಿಸಿದರು. ಕಸೂತಿ ಹಾಕಿದವರು ಅತ್ತೆ. ಬಟ್ಟೆ ತೆಗೆಯುವ ಅಧಿಕಾರ ಮಾವನದು. ಗುಂಡಿ ತಿರುಗಿಸಿದರೆ ಒಳಗಿನ ವಾಲ್ವುಗಳು ಕಾಯುವವರೆಗೆ ಸದ್ದಿಲ್ಲ. ಆಮೇಲೆ ಹಸಿರು ಕಣ್ಣೊಂದು ಮೆಲ್ಲಗೆ ಅರಳುತ್ತಿತ್ತು. ಆ ಹಸಿರು ಕಣ್ಣು ಮುಚ್ಚಿ ಸರಿಹೊಂದುವವರೆಗೂ ಗುಂಡಿ ತಿರುಗಿಸಿದರೆ ಸ್ಟೇಷನ್ ಸರಿಯಾಗಿ ಸಿಕ್ಕಿತು ಎಂದು ಅರ್ಥ.

'ನೀವು ಹಾಕ್ತಿರಲಿಲ್ವಾ ಅತ್ತೆ?' ಎಂದು ಕೇಳಿದೆ.

'ಅದ ಮುಟ್ಟುದ್ರ ಎಲ್ಲಿ ಕೆಟ್ಟೋಯ್ತದೋ ಅಂತ ಭಯ ಕನ ಕೂಸು. ಬೇಡ ಅಂತ ಅವ್ರು ಯಾವತ್ತೂ ಅನ್ನಲಿಲ್ಲ. ಮುಟ್ಟು ಅಂತಾನೂ ಅನ್ನಲಿಲ್ಲ.'

ಈ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಎಷ್ಟೋ ಮನೆಗಳ ಕಥೆ ಇಷ್ಟೇ. ಯಾರೂ ತಡೆದಿರುವುದಿಲ್ಲ, ಯಾರೂ ಕರೆದಿರುವುದೂ ಇಲ್ಲ. ಆ ಕಾಲದಲ್ಲಿ ರೇಡಿಯೋಗೆ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ದುಡ್ಡು ಕಟ್ಟಿ ಪುಸ್ತಕದಲ್ಲಿ ನಮೂದು ಮಾಡಿಸಬೇಕಿತ್ತು. ಪುಸ್ತಕ ಮಾವನ ಹೆಸರಿನಲ್ಲಿತ್ತು, ಅವರೇ ಜೋಪಾನವಾಗಿ ಇಟ್ಟಿದ್ದರು. 1980ರ ದಶಕದಲ್ಲಿ ಈ ಲೈಸೆನ್ಸ್ ರದ್ದಾಯಿತು. ಮನೆಯೊಳಗಿನ ಲೈಸೆನ್ಸ್ ಅದಕ್ಕೂ ಎಷ್ಟೋ ವರ್ಷ ಮುಂದುವರಿಯಿತು. ಬೆಳಗ್ಗೆ ವಾರ್ತೆ, ಸಂಜೆ ಪ್ರದೇಶ ಸಮಾಚಾರ, ರಾತ್ರಿ ಶಾಸ್ತ್ರೀಯ ಸಂಗೀತ. ಇದು ಮಾವನ ಪಟ್ಟಿ. ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ ಬರುವ ಹೊತ್ತಿಗೆ ಅವರು ಶಾಲೆಯಲ್ಲಿರುತ್ತಿದ್ದರು. ರೇಡಿಯೋ ಕಸೂತಿ ಬಟ್ಟೆಯೊಳಗೆ ನಿದ್ದೆ ಮಾಡುತ್ತಿತ್ತು. ಯಾರಿಗಾಗಿ ಮಾಡಿದ ಕಾರ್ಯಕ್ರಮವೋ ಅವರೇ ಕೇಳದ ಮನೆಗಳು ನಮ್ಮದೊಂದೇ ಆಗಿರಲಾರದು.

ಟ್ರಾನ್ಸಿಸ್ಟರ್ ಬಂದಮೇಲೆ ಸ್ವಲ್ಪ ಬದಲಾಯಿತು. ಅಮೆರಿಕಾದಲ್ಲಿ 1947ರಲ್ಲಿ ಟ್ರಾನ್ಸಿಸ್ಟರನ್ನು ಕಂಡುಹಿಡಿದರು, 1954ರಲ್ಲಿ ಅದನ್ನು ಹಾಕಿದ ಪುಟ್ಟ ರೇಡಿಯೋ ಅಂಗಡಿಗೆ ಬಂತು. ನಮ್ಮ ಹಳ್ಳಿಗಳಿಗೆ ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಹಿಡಿದಿರಬೇಕು. ಅದಕ್ಕೆ ಕರೆಂಟು ಬೇಡ, ಏರಿಯಲ್ ಬೇಡ, ಕಸೂತಿ ಬಟ್ಟೆಯೂ ಬೇಡ. ಒಂದು ಕಡೆ ನೆಟ್ಟಗೆ ಕೂತಿರಬೇಕೆಂಬ ನಿಯಮವೂ ಇಲ್ಲ. 1957ರಲ್ಲಿ ವಿವಿಧ ಭಾರತಿ ಶುರುವಾಗಿ ಸಿನಿಮಾ ಹಾಡುಗಳಿಗೆ ಸರ್ಕಾರದ ರೇಡಿಯೋದಲ್ಲೂ ಜಾಗ ಸಿಕ್ಕಿತ್ತು. ಅಲ್ಲಿಯವರೆಗೆ ಹಾಡು ಬೇಕಾದವರು ರೇಡಿಯೋ ಸಿಲೋನ್‌ಗೆ ಕಿವಿ ಕೊಡಬೇಕಿತ್ತು. ನನ್ನ ಅಮ್ಮ ಟ್ರಾನ್ಸಿಸ್ಟರನ್ನು ಅಡಿಗೆಮನೆಯ ಕಿಟಕಿಯಲ್ಲಿಟ್ಟು ದೋಸೆ ಹುಯ್ಯುತ್ತಾ ಹಾಡು ಕೇಳುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಗುಂಡಿ ತಿರುಗಿಸುತ್ತಿದ್ದಳು. ಅದರ ಗುಂಡಿಯ ಗೀರುಗಳಲ್ಲಿ ಒಣಗಿದ ಹಿಟ್ಟು ಯಾವಾಗಲೂ ಇರುತ್ತಿತ್ತು. ಇದನ್ನು ಅತ್ತೆಗೆ ಹೇಳಿದಾಗ, 'ನಿಮ್ಮವ್ವ ಗಟ್ಟಿಗಿತ್ತಿ' ಎಂದರು.

ಇನ್ನು ರಿಮೋಟಿನ ಕಥೆ. ನಾವೆಲ್ಲ ಅದು ಟಿ.ವಿ.ಯ ಜೊತೆ ಹುಟ್ಟಿದ್ದೆಂದು ತಿಳಿದಿದ್ದೇವೆ. ಆದರೆ ತಂತಿಯಿಲ್ಲದೆ ದೂರದಿಂದ ಯಂತ್ರ ನಡೆಸುವ ಆಟವನ್ನು ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ 1898ರಲ್ಲೇ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ಓಡಿಸಿ ತೋರಿಸಿದ್ದರು. ಮನೆಯ ರೇಡಿಯೋಗೆ ರಿಮೋಟು ಮಾಡಿದ್ದು ಅಮೆರಿಕಾದ ಫಿಲ್ಕೋ ಕಂಪನಿ. ಅವರ 1939ರ ಮಾದರಿಯ ದೊಡ್ಡ ರೇಡಿಯೋಗಳ ಜೊತೆ ಮರದ ಒಂದು ಡಬ್ಬ ಬರುತ್ತಿತ್ತು, ಅದರ ಮೇಲೆ ಟೆಲಿಫೋನಿನ ಹಾಗೆ ಬೆರಳಿಟ್ಟು ತಿರುಗಿಸುವ ಚಕ್ರ. ಅದನ್ನು ತಿರುಗಿಸಿದರೆ ಪಕ್ಕದ ಕೋಣೆಯಿಂದಲೂ ಸ್ಟೇಷನ್ ಬದಲಾಗುತ್ತಿತ್ತು. 'ರಹಸ್ಯ ನಿಯಂತ್ರಣ' ಎಂಬ ಅರ್ಥದ ಹೆಸರನ್ನೇ ಅದಕ್ಕೆ ಇಟ್ಟಿದ್ದರು.

ಟಿ.ವಿ. ರಿಮೋಟು ಬಂದದ್ದು ಆಮೇಲೆ. ಅಮೆರಿಕಾದಲ್ಲೇ ಝೆನಿತ್ ಎಂಬ ಕಂಪನಿ 1950ರಲ್ಲಿ ತಂತಿ ಕಟ್ಟಿದ ರಿಮೋಟು ಮಾಡಿತು, ಜನ ಆ ತಂತಿಗೆ ಎಡವುತ್ತಿದ್ದರು. 1955ರಲ್ಲಿ ಬೆಳಕು ಬಿಟ್ಟು ನಡೆಸುವ ರಿಮೋಟು ಬಂತು, ಬಿಸಿಲು ಬಿದ್ದರೂ ಚಾನೆಲ್ ಬದಲಾಗಿಬಿಡುತ್ತಿತ್ತು. 1956ರಲ್ಲಿ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಎಂಬ ಎಂಜಿನಿಯರು ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಸದ್ದಿನಿಂದ ಕೆಲಸ ಮಾಡುವ ರಿಮೋಟು ಮಾಡಿದರು. ಒಳಗೆ ಅಲ್ಯೂಮಿನಿಯಂ ಸರಳು, ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಅದಕ್ಕೆ ಹೊಡೆಯುತ್ತಿತ್ತು. ಬ್ಯಾಟರಿಯೇ ಬೇಡ. ತೊಂದರೆ ಒಂದೇ, ಬೀಗದ ಕೈಗೊಂಚಲೋ ಚಿಲ್ಲರೆ ಕಾಸೋ ಝಣ್ ಎಂದರೂ ಟಿ.ವಿ. ಮಾತು ಕೇಳಿಬಿಡುತ್ತಿತ್ತು. ನಮ್ಮ ಕಡೆಯ ಮದುವೆ ಮನೆಯಲ್ಲಾಗಿದ್ದರೆ ಅದರ ಗತಿ ಏನಾಗುತ್ತಿತ್ತೋ! ಈಗ ನಮ್ಮ ಕೈಯಲ್ಲಿರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ರಿಮೋಟುಗಳು 1980ರ ದಶಕದಲ್ಲಿ ಎಲ್ಲ ಕಡೆ ಹಬ್ಬಿದವು. ಆ ಬೆಳಕು ಕ್ಷಣಕ್ಕೆ ಸುಮಾರು 38,000 ಸಲ ಮಿನುಗುತ್ತಾ, ಒಂದೊಂದು ಗುಂಡಿಗೂ ಒಂದೊಂದು ಸಂಕೇತ ಕಳಿಸುತ್ತದೆ. ಒಂದು ಕಂಪನಿಯ ಸಂಕೇತ ಇನ್ನೊಂದು ಕಂಪನಿಯ ಸೆಟ್ಟಿಗೆ ಅರ್ಥವಾಗುವುದಿಲ್ಲ. ಕೊಳ್ಳೇಗಾಲದ ಮಾತು ಬೀದರದವರಿಗೆ ತಟ್ಟನೆ ತಿಳಿಯದ ಹಾಗೆ.

ನಮ್ಮ ಮನೆಗೆ ಈ ಮ್ಯೂಸಿಕ್ ಸಿಸ್ಟಮ್ ಬಂದದ್ದು 1993ರಲ್ಲಿ. ಮಾವ ರಿಟೈರಾಗಿ ಮೂರು ವರ್ಷವಾಗಿತ್ತು. ಬೆಂಗಳೂರಿಗೆ ಹೋದವರು ಜಪಾನಿನ ಕಂಪನಿಯ ಈ ಸೆಟ್ಟು ತಂದರು. ಜೊತೆಗೆ ಅಂಗೈ ಉದ್ದದ ಕಪ್ಪು ರಿಮೋಟು. ಬೀದಿಯ ಮಕ್ಕಳೆಲ್ಲ ಅದನ್ನು ನೋಡಲು ಬಂದಿದ್ದರು. ಮಾವ ಈಸೀಚೇರಿನಲ್ಲಿ ಕೂತು ರಿಮೋಟು ಒತ್ತಿದರೆ ಸೆಟ್ಟಿನ ದನಿಯ ಗುಂಡಿ ತಾನೇ ತಾನಾಗಿ ತಿರುಗುತ್ತಿತ್ತು. ಗುಂಡಿಯ ಹಿಂದೆ ಸಣ್ಣ ಮೋಟಾರು ಇಟ್ಟಿರುತ್ತಾರಂತೆ. ರಿಮೋಟು ಮಾವನ ಜುಬ್ಬದ ಜೇಬಿನಲ್ಲಿರುತ್ತಿತ್ತು. ಮೊದಲಾದರೆ ರೇಡಿಯೋ ಮಾತ್ರ ಅವರ ಸ್ವಾಧೀನದಲ್ಲಿತ್ತು. ಈಗ ಅದನ್ನು ನಡೆಸುವ ಕೈಯೂ ಜೇಬಿಗೆ ಸೇರಿತು. ನಾನು ಹೇಳಿದೆನೆಂದು ತಪ್ಪು ತಿಳಿಯಬೇಡಿ, ನಮ್ಮ ಮಾವ ಒಳ್ಳೆಯವರು, ಒಂದು ದಿನವೂ ಏರಿದ ದನಿಯಲ್ಲಿ ಮಾತಾಡಿದವರಲ್ಲ. ಸೆಟ್ಟಿನ ದನಿಯನ್ನು ಮಾತ್ರ ಜೋರಾಗಿ ಇಡುತ್ತಿದ್ದರು, ಕಿವಿ ಸ್ವಲ್ಪ ಮಂದವಾಗಿತ್ತು.

2000ನೇ ಇಸವಿಯ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ನಾನು ಹೊನ್ನೂರಿನಲ್ಲೇ ಇದ್ದೆ. 108 ದಿನ ನಮ್ಮ ಸೀಮೆಯವರಿಗೆ ಉಸಿರು ಬಿಗಿಹಿಡಿದ ದಿನಗಳು. ಕಾಡಿನಿಂದ ಸುದ್ದಿ ಬರುತ್ತಿದ್ದುದೂ ಕ್ಯಾಸೆಟ್ಟುಗಳಲ್ಲೇ. ವಾರ್ತೆಯ ಹೊತ್ತಿಗೆ ಮಾವ ರಿಮೋಟು ಒತ್ತಿದರೆ ಮನೆಯಲ್ಲಿ ಪಾತ್ರೆಯೂ ಸದ್ದು ಮಾಡುವಂತಿರಲಿಲ್ಲ. ಒಂದು ದಿನ ಅತ್ತೆ ಬಾಗಿಲಲ್ಲಿ ನಿಂತು, 'ಒಂದು ಗಳಿಗೆ ಅದ ನಿಲ್ಲಿಸಿ ಮಾದಪ್ಪನ ಪದ ಹಾಕಿ, ಅವ್ರು ಬಂದಾರು' ಎಂದರು. ಮಾವ ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಲಿಲ್ಲವೋ. ವಾರ್ತೆ ನಡೆಯುತ್ತಲೇ ಇತ್ತು. ನವೆಂಬರ್ 15ರಂದು ರಾಜಕುಮಾರ್ ಬಿಡುಗಡೆಯಾಗಿ ಬಂದರು. ಮಾದಪ್ಪನ ಪದ ಮಾತ್ರ ಹಾಕದೆಯೇ ಉಳಿಯಿತು.

ಈಗಿನ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪ ನಮ್ಮ ಕಡೆಯವರಿಗೆ ಮನೆದೇವರು. ಕಂಸಾಳೆಯವರು ಬೀದಿಗೆ ಬಂದು ಹಾಡುವುದನ್ನು ಕೇಳುತ್ತಲೇ ಅತ್ತೆ ಬೆಳೆದವರು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಮುಂದೆ ಇಪ್ಪತ್ತು ವರ್ಷದಲ್ಲಿ ಹಳ್ಳಿಯ ಹಾಡುಗಳನ್ನೂ ಅಂಗಡಿಗೆ ತಂದಿತು. ರೇಡಿಯೋದಲ್ಲಿ ಏನು ಬರಬೇಕೆಂದು ನಿಲಯದವರು ತೀರ್ಮಾನ ಮಾಡುತ್ತಿದ್ದರು. ಕ್ಯಾಸೆಟ್ಟನ್ನು ನಮಗೆ ಬೇಕಾದದ್ದು ಕೊಳ್ಳಬಹುದಿತ್ತು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕಥನಗೀತೆಗಳು ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತಿದ್ದವು. ಚಿಕ್ಕಲ್ಲೂರು ಜಾತ್ರೆಗೆ, ಬೆಟ್ಟಕ್ಕೆ ಹೋದಾಗಲೆಲ್ಲ ಅತ್ತೆ ಒಂದೊಂದು ಕೊಂಡು ತಂದು ಸೀರೆಯ ಪೆಟ್ಟಿಗೆಯಲ್ಲಿಟ್ಟಿದ್ದರು. ಒಟ್ಟು ಇಪ್ಪತ್ತಮೂರು. ಮಾವ ತೀರಿಕೊಂಡ ಮೇಲೆ ಒಂದು ಮಧ್ಯಾಹ್ನ ತಾವೇ ಎದ್ದು ಹೋಗಿ ಒಂದನ್ನು ಹಾಕಿದರಂತೆ. ಆಗ ಅವರಿಗೆ ಎಪ್ಪತ್ತೆಂಟು ವರ್ಷ.

ಅಂದಮೇಲೆ ರಿಮೋಟು ಆರಿಸುವ ಕೆಲಸ ಸಣ್ಣದಲ್ಲ ಎಂದು ನಿಮಗೂ ಅನ್ನಿಸಿತಲ್ಲವೇ? ನನಗೆ ತಿಳಿದದ್ದನ್ನು ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹಳೆಯ ಸೆಟ್ಟಿದ್ದರೆ ಉಪಯೋಗವಾದೀತು.

ಮೊದಲು ಮಾವನ ಹಳೆಯ ರಿಮೋಟನ್ನೇ ಹುಡುಕಿದೆ. ಟ್ರಂಕಿನಲ್ಲಿ ಸಿಕ್ಕಿತು. ಬ್ಯಾಟರಿ ಒಳಗೇ ಉಳಿದು ಸೋರಿ ಹಸಿರು ಪುಡಿ ಕಟ್ಟಿತ್ತು. ಕೊಳ್ಳೇಗಾಲದಲ್ಲಿ ರಿಪೇರಿ ಅಂಗಡಿಯವರು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ ನೋಡಿದರು. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದಂತೆ. ರಬ್ಬರ್ ಗುಂಡಿಯ ಕೆಳಗಿನ ಕಪ್ಪು ಚುಕ್ಕೆ ಸವೆದಿದ್ದರೆ ಅದನ್ನೂ ಸರಿಮಾಡಬಹುದು. ಬಿದ್ದು ಕೆಟ್ಟಿದ್ದರೆ ಒಳಗಿನ ರೆಸೊನೇಟರ್ ಎಂಬ ಚಿಕ್ಕ ಭಾಗ ಬದಲಿಸಿದರೆ ಸಾಕು. ನಮ್ಮದರಲ್ಲಿ ಬ್ಯಾಟರಿಯ ರಸ ತಾಮ್ರದ ಗೆರೆಗಳನ್ನೇ ತಿಂದುಹಾಕಿತ್ತು. 'ಇದರ ಆಸೆ ಬುಡಿ ಅಕ್ಕ' ಎಂದರು. ಆದರೆ ಒಂದು ಒಳ್ಳೆಯ ಬುದ್ಧಿ ಹೇಳಿದರು: 'ಇದನ್ನ ಬಿಸಾಕಬೇಡಿ. ಇದರ ಬೆನ್ನ ಮೇಲಿನ ನಂಬರ್ ಬರೆದಿಟ್ಟುಕೊಳ್ಳಿ.' ಸೆಟ್ಟಿನ ನಂಬರೇ ಬೇರೆ, ರಿಮೋಟಿನ ನಂಬರೇ ಬೇರೆ. ಹುಡುಕುವಾಗ ಎರಡೂ ಬೇಕು.

ಬೆಂಗಳೂರಿನಲ್ಲಿರುವ ಮಗ ಯೂನಿವರ್ಸಲ್ ರಿಮೋಟು ಕಳಿಸಿದ. ಅದರೊಳಗೆ ಬೇರೆ ಬೇರೆ ಕಂಪನಿಗಳ ಸಂಕೇತಗಳನ್ನು ಮೊದಲೇ ತುಂಬಿರುತ್ತಾರೆ. ಹೆಚ್ಚಿನವು ಟಿ.ವಿ.ಯವು. ಸೆಟ್ಟು ಹತ್ತಿಕೊಂಡಿತು, ದನಿ ಹೆಚ್ಚು ಕಡಿಮೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಸುಮ್ಮನಿದ್ದರು. ಕ್ಯಾಸೆಟ್ ಡೆಕ್ಕು ಅಲುಗಾಡಿರಲಿಲ್ಲ, ಟೇಪಿನ ಗುಂಡಿಯೇ ಆ ರಿಮೋಟಿನಲ್ಲಿಲ್ಲ. 'ಕಲಿಯುವ ರಿಮೋಟು' ಎಂಬುದೊಂದಿದೆ, ಹಳೆಯ ರಿಮೋಟನ್ನು ಎದುರಿಗಿಟ್ಟು ಒತ್ತಿದರೆ ಅದರ ಸಂಕೇತವನ್ನು ಕಲಿತುಕೊಳ್ಳುತ್ತದೆ. ಆದರೆ ಕಲಿಸುವ ಗುರುವೇ ಸತ್ತುಹೋಗಿದ್ದಾನಲ್ಲ! ಕೆಲವು ಮೊಬೈಲುಗಳಲ್ಲಿ ಇನ್‌ಫ್ರಾರೆಡ್ ಇರುತ್ತದೆ, ಅದರಿಂದಲೂ ನಡೆಸಬಹುದು. ಮೊಬೈಲಿನ ಗಾಜಿನ ಮೇಲೆ ಅತ್ತೆಯ ಒಣಗಿದ ಬೆರಳು ಹತ್ತು ಸಲ ಒತ್ತಿದರೆ ಒಂದು ಸಲ ತಾಗುತ್ತದೆ. ಅದೂ ಬೇಡವಾಯಿತು.

ಮೈದುನ, 'ಈ ಹಳೇ ಸಾಮಾನು ತೆಗೆದುಹಾಕಿ, ಮಾತಾಡಿದರೆ ಹಾಡು ಹಾಕುವ ಸ್ಪೀಕರ್ ತರೋಣ ಅತ್ತಿಗೆ' ಎಂದ. ತಪ್ಪು ಮಾತಲ್ಲ. ಮಾದಪ್ಪನ ಪದಗಳು ಈಗ ಇಂಟರ್‌ನೆಟ್ಟಿನಲ್ಲೂ ಸಿಗುತ್ತವೆ. ಆಗ ನನಗೆ ಹೊಳೆಯಿತು, ಇಷ್ಟು ದಿನ ನಾವೆಲ್ಲ ಸೇರಿ ಆರಿಸುತ್ತಿದ್ದೇವೆ, ಕೇಳುವವರನ್ನು ಒಂದು ಮಾತು ಕೇಳಿಲ್ಲ. 1964ರಲ್ಲೂ ಹೀಗೇ ಆಗಿತ್ತು, 1993ರಲ್ಲೂ ಹೀಗೇ. ಆ ಎರಡು ಸಲವೂ ತಂದವರು ಮಾವ. ಈ ಸಲ ಅದೇ ತಪ್ಪನ್ನು ಮಾಡುತ್ತಿದ್ದವಳು ನಾನು. ನಾಚಿಕೆಯಾಯಿತು. ಅತ್ತೆಯ ಪಕ್ಕ ಕೂತು ಕೇಳಿದೆ, 'ನಿಮಗೆ ಯಾವುದು ಬೇಕು ಅತ್ತೆ?'

ಅವರಿಗೆ ಉತ್ತರ ಸಿದ್ಧವಾಗಿಯೇ ಇತ್ತು. 'ಗೋಡೆ ಜೊತೆ ಮಾತಾಡೋಕೆ ನಂಗಾಗದು. ನನ್ನ ಇಪ್ಪತ್ತಮೂರು ಕ್ಯಾಸೆಟ್ಟು ಅವೆ, ಅವೇ ಸಾಕು. ಹಾಡ್ಸೋಕೊಂದು, ನಿಲ್ಲಿಸೋಕೊಂದು, ಸದ್ದು ಕಮ್ಮಿ ಮಾಡೋಕೊಂದು. ಮೂರು ಗುಂಡಿ ಸಾಕು ಕನ ಕೂಸು.'

ಮೂರು ಗುಂಡಿ. ಇದನ್ನು ಮೊದಲೇ ಕೇಳಿದ್ದರೆ ಎಷ್ಟು ಓಡಾಟ ಉಳಿಯುತ್ತಿತ್ತು! ಸೆಟ್ಟನ್ನು ಮತ್ತೆ ನೋಡಿದೆ. ಒತ್ತಿದರೆ ಟಕ್ಕೆಂದು ಕೆಳಗೆ ಕೂರುವ ಕೀಲಿಗಳ ಡೆಕ್ಕಾದರೆ ಅದನ್ನು ರಿಮೋಟಿನಿಂದ ನಡೆಸುವುದಕ್ಕೇ ಆಗುವುದಿಲ್ಲ. ಮೆತ್ತಗೆ ಒತ್ತುವ ಗುಂಡಿಗಳಿದ್ದರೆ ಆಗಬಹುದು. ನಮ್ಮದು ಮೆತ್ತನೆಯದು. ಎಳೆದು ಸಡಿಲವಾಗಿದ್ದ ರಬ್ಬರ್ ಬೆಲ್ಟನ್ನು ಕೊಳ್ಳೇಗಾಲದವರೇ ಬದಲಿಸಿಕೊಟ್ಟರು. ಉಳಿದದ್ದು ರಿಮೋಟು.

ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಗೆ ಹೋದೆ. ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಬೀದಿ ಅದು. ಒಂದು ಸಣ್ಣ ಅಂಗಡಿಯಲ್ಲಿ ಹಳೆಯ ರಿಮೋಟುಗಳನ್ನು ಗೋಣಿಚೀಲದಲ್ಲಿ ತುಂಬಿಟ್ಟಿದ್ದರು. ಹುರುಳಿ ಆರಿಸುವ ಹಾಗೆ ಅವರು ಚೀಲದಲ್ಲಿ ಕೈಯಾಡಿಸಿದರು. ನಮ್ಮ ನಂಬರಿನದು ಇರಲಿಲ್ಲ. 'ಒಂದೇ ಕಂಪನಿ ಆ ಎರಡು ಮೂರು ವರ್ಷ ಮಾಡಿದ ಸೆಟ್ಟುಗಳಿಗೆ ಸಂಕೇತ ಹೆಚ್ಚುಕಡಿಮೆ ಒಂದೇ ಇರುತ್ತೆ ಅಮ್ಮ. ಅಕ್ಕ ತಂಗಿಯರಿದ್ದ ಹಾಗೆ' ಎಂದು ಎರಡು ರಿಮೋಟು ಕೊಟ್ಟರು. ಕೊಡುವ ಮೊದಲು ಅವರು ಮಾಡಿದ ಪರೀಕ್ಷೆಯನ್ನು ನೀವೂ ಮಾಡಬಹುದು. ರಿಮೋಟಿನ ಮೂತಿಯನ್ನು ಮೊಬೈಲಿನ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಎಷ್ಟೋ ಕ್ಯಾಮೆರಾಗಳಲ್ಲಿ ನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಮಿನುಗಿದರೆ ರಿಮೋಟಿಗೆ ಜೀವವಿದೆ ಎಂದರ್ಥ. ನಿಮ್ಮ ಸೆಟ್ಟಿಗೆ ಅದರ ಮಾತು ತಿಳಿಯುತ್ತದೋ ಇಲ್ಲವೋ ಎಂಬುದು ಮನೆಗೆ ಹೋದಮೇಲೆಯೇ ಗೊತ್ತಾಗಬೇಕು. ಆದ್ದರಿಂದ ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿಯೇ ಕೊಳ್ಳಿ.

ಹೊನ್ನೂರಿಗೆ ತಂದು ಒತ್ತಿದೆ. ಮೊದಲನೆಯದಕ್ಕೆ ಸೆಟ್ಟು ಮಿಸುಕಲಿಲ್ಲ. ಎರಡನೆಯದನ್ನು ಒತ್ತಿದಾಗ ಡೆಕ್ಕಿನ ದೀಪ ಹತ್ತಿತು, ಕ್ಯಾಸೆಟ್ಟು ತಿರುಗಿತು. ಮೂವತ್ತೇಳು ಗುಂಡಿಗಳಿದ್ದವು. ಬೇಡದವುಗಳ ಮೇಲೆ ಪ್ಲಾಸ್ಟರ್ ಅಂಟಿಸಿದೆವು. ಉಳಿದ ಮೂರಕ್ಕೆ ಗುರುತು ಬೇಕಲ್ಲ? ಅತ್ತೆ ತಮ್ಮ ಪೆಟ್ಟಿಗೆಯಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆಯೊಂದನ್ನು ತೆಗೆದುಕೊಟ್ಟರು. ಮಾವ ಹೋದಾಗಿನಿಂದ ಹಾಗೇ ಉಳಿದಿದ್ದ ಹಾಳೆ. ಹಾಡಿಸುವುದಕ್ಕೆ ಹಸಿರು, ನಿಲ್ಲಿಸುವುದಕ್ಕೆ ಕೆಂಪು, ಸದ್ದು ತಗ್ಗಿಸುವುದಕ್ಕೆ ಕಪ್ಪು. ಅಂಟಿಸಿದವರೂ ಅವರೇ.

ರಿಮೋಟನ್ನು ಕೈಗೆ ಕೊಟ್ಟೆ. ಅವರು ಮೊದಲು ಒತ್ತಿದ್ದು ಕಪ್ಪು ಬೊಟ್ಟನ್ನು. ಹದಿನೈದು ಅಡಿ ದೂರದಲ್ಲಿ ದನಿಯ ದೊಡ್ಡ ಗುಂಡಿ, ಯಾರೂ ಮುಟ್ಟದೆ, ನಿಧಾನವಾಗಿ ಎಡಕ್ಕೆ ತಿರುಗಿತು. ಅತ್ತೆ ಬೆರಳು ತೆಗೆದರು, ಗುಂಡಿ ನಿಂತಿತು. ಮತ್ತೆ ಒತ್ತಿದರು, ಮತ್ತೆ ತಿರುಗಿತು. ನಾವು ಯಾರೂ ಮಾತಾಡಲಿಲ್ಲ.

'ಅವ್ರು ಬಲು ಜೋರಾಗಿ ಇಕ್ಕೋರು' ಎಂದರು. ಸ್ವಲ್ಪ ಹೊತ್ತಾದಮೇಲೆ, 'ಇಷ್ಟೇ ಆಗಿತ್ತಲ್ಲ ಕೂಸು ಇದು' ಎಂದರು. ಬೇಸರವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಆಮೇಲೆ ಹಸಿರು ಬೊಟ್ಟನ್ನು ಒತ್ತಿ ಕಣ್ಣು ಮುಚ್ಚಿಕೊಂಡರು.

ರಿಮೋಟು ಈಗ ಅವರ ದಿಂಬಿನ ಕೆಳಗಿರುತ್ತದೆ. ಕ್ಯಾಸೆಟ್ಟು ಬದಲಿಸಿಕೊಡಲು ಓರಗಿತ್ತಿ ಬೇಕು, ಅದೊಂದು ಉಳಿದಿದೆ. ಬೆಳಗ್ಗೆಯೇ ಡೆಕ್ಕಿನ ಎರಡೂ ಕಡೆ ಒಂದೊಂದು ಹಾಕಿಟ್ಟು ಹೋಗುತ್ತಾಳೆ. ಮಧ್ಯಾಹ್ನ ನಾನು ಮೈಸೂರಿನಿಂದ ಫೋನ್ ಮಾಡಿದರೆ ಹಿಂದೆ ಕಂಸಾಳೆಯ ಸದ್ದು ಕೇಳಿಸುತ್ತದೆ. ಮೊದಲೆಲ್ಲ ಮಾವನ ವಾರ್ತೆಯ ಹೊತ್ತಿಗೆ ನಾನು ಫೋನ್ ಮಾಡಿದರೆ, 'ಏನೂ ಕೇಳಿಸದು, ಆಮೇಲೆ ಮಾಡ್ತೀನಿ ಇಡು' ಎನ್ನುತ್ತಿದ್ದರು. ಈಗ, 'ಇರು ಕೂಸು, ಕಮ್ಮಿ ಮಾಡ್ತೀನಿ' ಎನ್ನುತ್ತಾರೆ. ಕಂಸಾಳೆ ದೂರ ಸರಿಯುತ್ತದೆ. 'ಹೂಂ, ಈಗ ಹೇಳು.'